ಹಳ್ಳಿಯಲ್ಲೊಂದು ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದೆ. ಅವಧಿ ಮುಗಿದು ವರ್ಷಗಳಾದವು. ಆದರೂ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಒಬ್ಬರಲ್ಲ ಒಬ್ಬರು ನಿಲ್ಲಿಸಿ ಕೇಳ್ತಾರೆ: "ಅಣ್ಣಾ, ಮನೆ ಬಂದಿದಾವಂತೆ, ಹೌದಾ?" ಎಲ್ಲರೂ ದುಡ್ಡಿನ ವಿಷಯದಿಂದಲೇ ಶುರು ಮಾಡ್ತಾರೆ. ನಾನು ಮಾತ್ರ ವಾಪಸ್ ಕೇಳೋದು ಒಂದೇ: "ಜಾಗದ ಕಾಗದ ಏನಿದೆ?" ಅಲ್ಲಿಗೆ ಅರ್ಧ ಜನ ಸುಮ್ಮನಾಗ್ತಾರೆ. ಹಾಗೆ ಸುಮ್ಮನಾದವರಿಗೋಸ್ಕರ ಇದನ್ನು ಬರೆದಿದ್ದೇನೆ.

ಪಂಚಾಯ್ತಿಗೆ ಮನೆ ಬಂದಿವೆಯಂತೆ. ಅರ್ಜಿ ಎಲ್ಲಿ ಕೊಡಬೇಕು?

ಬರೋದು ಮನೆಯಲ್ಲ, ಗುರಿ. ಇಂಥ ಯೋಜನೆಯಲ್ಲಿ ಈ ಪಂಚಾಯ್ತಿಗೆ ಇಷ್ಟು ಮನೆ ಅಂತ ಒಂದು ಸಂಖ್ಯೆ ಬರುತ್ತದೆ. ರಾಜ್ಯದ ಯೋಜನೆಗಳನ್ನು ನೋಡಿಕೊಳ್ಳೋದು 2000ರಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಆ ಸಂಖ್ಯೆಯೊಳಗೆ ಯಾರ ಹೆಸರು ಕೂರಬೇಕು ಅನ್ನೋದು ಗ್ರಾಮಸಭೆಯಲ್ಲಿ ಆಗಬೇಕು. ಅರ್ಜಿ ಕೊಡೋದು ಪಂಚಾಯ್ತಿ ಕಚೇರಿಯಲ್ಲೇ.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೀಬೇಕು ಅಂತ ಕಾನೂನಿದೆ. ಕೋರಂ ಕೂಡ ಇದೆ: ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಸಭೆಗೆ ಜನ ಬರೋ ಬದಲು ಸಹಿ ಪುಸ್ತಕವೇ ಮನೆ ಮನೆಗೆ ಹೋಗೋ ಊರುಗಳೂ ಇವೆ. ಹಾಗೆ ಬಂದ ಪುಸ್ತಕಕ್ಕೆ ಸಹಿ ಹಾಕಿ, ಆಮೇಲೆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಅಂತ ಜಗಳಕ್ಕೆ ಹೋದರೆ ಕಾರ್ಯದರ್ಶಿ ನಿಮ್ಮದೇ ಸಹಿ ತೋರಿಸ್ತಾರೆ. ಕೂಲಿ ಹೋದರೂ ಆ ಒಂದು ದಿನ ಹೋಗಿ ಕೂತುಕೊಳ್ಳಿ.

ಕಾಗದಗಳು: ಆಧಾರ್, ರೇಷನ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಜಾಬ್ ಕಾರ್ಡ್, ಸೈಟಿನ ದಾಖಲೆ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಪಾಸ್‌ಬುಕ್‌ನಲ್ಲಿ "ಲಕ್ಷ್ಮೀದೇವಮ್ಮ" ಅಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಂಥ ಹೆಸರಿನ ತಪ್ಪಿಗೆ ಬಿಲ್, ಅಂದರೆ ಕಂತಿನ ದುಡ್ಡು, ನಿಂತಿದ್ದನ್ನು ನೋಡಿದ್ದೇನೆ.

ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆ?

ಊರಲ್ಲಿ ಎಲ್ಲದಕ್ಕೂ "ಆಶ್ರಯ ಮನೆ" ಅಂತಾರೆ. ಆಶ್ರಯ 1991-92ರ ಯೋಜನೆ. ಹಳಬರಾದರೆ "ಜನತಾ ಮನೆ" ಅಂತಾರೆ. ಹೆಸರು ಯಾವುದೇ ಇರಲಿ, ಈಗಿನ ಲೆಕ್ಕ ಹೀಗಿದೆ.

ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ 1.20 ಲಕ್ಷ. ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಹಳ್ಳಿಯಲ್ಲಿ 1.75 ಲಕ್ಷ. ವಿಧವೆಯರು, ಅಂಗವಿಕಲರು, ಜೀತದಿಂದ ಬಿಡುಗಡೆಯಾದವರಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ಕೇಂದ್ರದ್ದು ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ. 1985ರಲ್ಲಿ ಶುರುವಾದ ಇಂದಿರಾ ಆವಾಸ್ 2016ರಲ್ಲಿ ಈ ಹೆಸರಿಗೆ ಬದಲಾಯ್ತು. ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಅದರಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಶೌಚಾಲಯಕ್ಕೆ ಬೇರೆಯಾಗಿ 12,000. ಅದರ ಜೊತೆಗೆ ನಿಮ್ಮ ಮನೆಗೆ ನೀವೇ ದುಡಿದ ಕೂಲಿ ಅಂತ ಜಾಬ್ ಕಾರ್ಡಿನ ಮೇಲೆ 90 ದಿನದ ಲೆಕ್ಕವನ್ನೂ ಈ ಯೋಜನೆಗೆ ಸೇರಿಸಿದ್ದಾರೆ. ಈ ಕೂಲಿಯನ್ನು ಕೇಳದೇ ಬಿಟ್ಟವರೇ ಜಾಸ್ತಿ.

ನನ್ನ ಹತ್ತಿರ ಬೈಕ್ ಇದೆ, ಫ್ರಿಜ್ ಇದೆ. ಹಾಗಾದರೆ ಮನೆ ಸಿಗಲ್ವಾ?

ಕೇಂದ್ರದ ಯೋಜನೆಯಲ್ಲಿ ಮೊದಲು ಸಿಗ್ತಿರಲಿಲ್ಲ. 2024ರಲ್ಲಿ ಆ ನಿಯಮ ಸಡಿಲವಾಯ್ತು. ಈಗ ಬೈಕ್, ಫ್ರಿಜ್, ಲ್ಯಾಂಡ್‌ಲೈನ್ ಫೋನ್ ಇದ್ದರೆ ತೊಂದರೆಯಿಲ್ಲ. ತಿಂಗಳ ಆದಾಯದ ಮಿತಿಯೂ 10,000ದಿಂದ 15,000ಕ್ಕೆ ಏರಿದೆ. ಕಾರು, ಆಟೊ, ಟ್ರ್ಯಾಕ್ಟರ್ ಇದ್ದರೆ ಇಲ್ಲ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇಲ್ಲ. ಆದಾಯ ತೆರಿಗೆ ಕಟ್ಟಿದರೆ ಇಲ್ಲ. ನೀರಾವರಿ ಜಮೀನು ಎರಡೂವರೆ ಎಕರೆ ಅಥವಾ ಖುಷ್ಕಿ ಐದು ಎಕರೆ ಇದ್ದರೂ ಇಲ್ಲ.

ಒಂದು ನಿಯಮ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಸರು ಹೊರಗೆ. ಸಾಲದ ಮಿತಿಯನ್ನು ಶ್ರೀಮಂತಿಕೆ ಅಂತ ಲೆಕ್ಕ ಹಾಕೋದು ಯಾವ ನ್ಯಾಯ ಹೇಳಿ! ಎರಡು ಎಕರೆ ರಾಗಿ ಬೆಳೆಯೋನು ಬ್ಯಾಂಕಿಗೆ ಹೋಗಿ ಗೊಬ್ಬರಕ್ಕೆ ಸಾಲ ತಂದ ತಪ್ಪಿಗೆ ಸೋರೋ ಹೆಂಚಿನ ಕೆಳಗೇ ಇರಬೇಕು.

ಸ್ವಂತ ಸೈಟೇ ಇಲ್ಲ. ಏನು ಮಾಡೋದು?

ನಿಜವಾದ ಕಷ್ಟ ಇಲ್ಲಿದೆ. ಮೇಲೆ ಹೇಳಿದ ಅನುದಾನಗಳೆಲ್ಲ ಸೈಟು ಇರೋರಿಗೆ. ಸೈಟಿಲ್ಲದವರು ನಿವೇಶನರಹಿತರ ಪಟ್ಟಿಗೆ ಬೇರೆ ಅರ್ಜಿ ಕೊಡಬೇಕು. ಪಂಚಾಯ್ತಿಯವರು ಸರ್ಕಾರಿ ಜಮೀನು ಗುರುತಿಸಿ ತಹಶೀಲ್ದಾರರಿಗೆ ಬರೀಬೇಕು, ಜಮೀನು ವಸತಿಗೆ ಅಂತ ಮಂಜೂರಾಗಬೇಕು, ಸರ್ವೆಯಾಗಿ ಲೇಔಟ್ ಆಗಬೇಕು. ಆಮೇಲೆ ಹಕ್ಕುಪತ್ರ. ಇಷ್ಟರಲ್ಲಿ ಒಂದು ಪಂಚಾಯ್ತಿ ಅವಧಿ ಮುಗಿದಿರುತ್ತದೆ.

ಸರ್ಕಾರಿ ಜಮೀನು ಅಂತ ಇರೋದು ಎಲ್ಲಿ? ಗೋಮಾಳ, ಗುಂಡುತೋಪು, ಕಲ್ಲು ಗುಡ್ಡ. ಚೆನ್ನಾಗಿದ್ದದ್ದನ್ನೆಲ್ಲ ಯಾವತ್ತೋ ಯಾರೋ ಬೇಲಿ ಹಾಕಿಕೊಂಡಾಗಿದೆ. ಕೊಳ್ಳೋಣ ಅಂದರೆ, 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹೆದ್ದಾರಿ ಪಕ್ಕದ ಊರುಗಳಲ್ಲಿ ಈಗ ಎಕರೆ ಲೆಕ್ಕ ಹೋಗಿ ಗುಂಟೆ ಲೆಕ್ಕ ಬಂದಿದೆ. ಅಲ್ಲಿ ಕೂಲಿಯವನು 20x30 ಸೈಟನ್ನೂ ಕೊಳ್ಳೋಕಾಗಲ್ಲ. ಹಾಗಾಗಿ ಗ್ರಾಮಸಭೆಯಲ್ಲಿ "ಮನೆ ಕೊಡಿ" ಅನ್ನೋಕಿಂತ "ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಜಾಗ ವಸತಿಗೆ ಕಾಯ್ದಿರಿಸಿ" ಅಂತ ನಡಾವಳಿಯಲ್ಲಿ ಬರೆಸಿ. ಬರೆದ ಮಾತು ಮುಂದಿನ ಸದಸ್ಯರ ಕಾಲಕ್ಕೂ ಉಳಿಯುತ್ತದೆ.

ತಾತನ ಕಾಲದ ಮನೆ. ಆದರೆ ಕಾಗದ ಇಲ್ಲ ಅಂತಾರೆ. ಅದು ಹೇಗೆ?

ಊರು ಕೂತಿರೋ ಜಾಗಕ್ಕೆ ಗ್ರಾಮಠಾಣ ಅಂತಾರೆ. ಹೊಲಕ್ಕಾದರೆ ಸರ್ವೆ ನಂಬರು, ಪಹಣಿ ಎಲ್ಲ ಇದೆ. ಊರೊಳಗಿನ ಮನೆಗಳಿಗೆ ಹಳೇ ನಕ್ಷೆಯಲ್ಲಿ ಗೆರೆಯೇ ಇಲ್ಲ, ಒಟ್ಟಾಗಿ ಒಂದು ಉಂಡೆ. ಪಂಚಾಯ್ತಿ ಕಂದಾಯದ ರಸೀದಿಯೇ ದಾಖಲೆ ಅಂತ ನಂಬಿಕೊಂಡು ಬಂದೆವು. ಬ್ಯಾಂಕಿನವರು ಅದನ್ನು ಒಪ್ಪಲ್ಲ.

ಇದಕ್ಕೆ ಎರಡು ದಾರಿ ಆಗಿವೆ. ಒಂದು ಇ-ಸ್ವತ್ತು, ಅಂದರೆ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆ. ಗ್ರಾಮಠಾಣದ ಮನೆ, ಭೂ ಪರಿವರ್ತನೆಯಾಗಿ ಅನುಮೋದನೆ ಸಿಕ್ಕ ಲೇಔಟ್ ಸೈಟು, ಸರ್ಕಾರದ ವಸತಿ ಯೋಜನೆಯ ಸೈಟು, ಇವಕ್ಕೆ ಪಂಚಾಯ್ತಿಯಿಂದ ಫಾರಂ 9 ಮತ್ತು ಫಾರಂ 11ಎ ಸಿಗುತ್ತದೆ. ಉಳಿದವು 11ಬಿಗೆ ಹೋಗುತ್ತವೆ. ಸಾಲಕ್ಕೆ ಬ್ಯಾಂಕಿಗೆ ಹೋದಾಗ ಎ ಮತ್ತು ಬಿ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಸ್ವಾಮಿತ್ವ. 2020ರ ಏಪ್ರಿಲ್ 24ರಂದು ಶುರುವಾದದ್ದು, ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. ಡ್ರೋನ್ ಹಾರಿಸಿ ಊರಿನ ಪ್ರತಿ ಮನೆ ಅಳೆದು ಕಾರ್ಡ್ ಕೊಡೋದು. ಡ್ರೋನ್ ಬರೋಕೆ ಮುಂಚೆ ಸುಣ್ಣದಲ್ಲಿ ಗಡಿ ಬಳಿಯುತ್ತಾರೆ. ನಮ್ಮ ಬೀದಿಯಲ್ಲಿ ಆ ಸುಣ್ಣದ ಡಬ್ಬ ಬಂದ ದಿನ ಮರೆಯೋ ಹಾಗಿಲ್ಲ. ಅಣ್ಣ ತಮ್ಮಂದಿರ ಎರಡು ಮನೆ, ಮಧ್ಯೆ ಒಂದೂವರೆ ಅಡಿ ಸಂದಿ. ಬಚ್ಚಲ ನೀರು ಹರಿಯೋ ಸಂದಿ ಅದು, ಮೂವತ್ತು ವರ್ಷ ಯಾರಿಗೂ ಬೇಡವಾಗಿತ್ತು. ಗೆರೆ ಎಳೆಯೋ ಹೊತ್ತಿಗೆ ಇಬ್ಬರಿಗೂ ಬೇಕಾಯ್ತು. ಅಣ್ಣ ಬಳಿದ ಗೆರೆಯನ್ನು ತಮ್ಮನ ಹೆಂಡತಿ ಪೊರಕೆಯಲ್ಲಿ ಗುಡಿಸಿದಳು, ಅವನು ಮತ್ತೆ ಬಳಿದ. ಕೊನೆಗೆ ಸರ್ವೆಯವರು ಸಂದಿಯನ್ನು ಇಬ್ಬರಿಗೂ ಸೇರಿದ್ದು ಅಂತ ಬರೆದುಕೊಂಡು ಮುಂದೆ ಹೋದರು. ನೀವು ಮಾತ್ರ ಆ ದಿನ ಊರಲ್ಲೇ ಇರಿ. ಬೆಂಗಳೂರಿನಲ್ಲಿರೋ ಮಗ ಫೋನಿನಲ್ಲಿ ಹೇಳಿದರೆ ಗೆರೆ ಸರಿಯಾಗಿ ಬೀಳಲ್ಲ.

ಹೊಲದಲ್ಲೇ ಮನೆ ಕಟ್ಟಬಹುದಾ?

ನಿಮ್ಮ ಹೊಲ, ನೀವೇ ಇರೋಕೆ, ತೋಟದ ಮನೆ ಅಂತಾದರೆ ಕಟ್ಟಬಹುದು. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಹಿಡುವಳಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ಕೃಷಿಯಲ್ಲದ ಬೇರೆ ಬಳಕೆಗೆ ಸಾಮಾನ್ಯವಾಗಿ ಭೂ ಪರಿವರ್ತನೆ ಬೇಕು.

ಪರಿವರ್ತನೆಯಿಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ್ದು ರೆವಿನ್ಯೂ ಸೈಟು. ಕಲ್ಲು ನೆಟ್ಟು, ಬಣ್ಣ ಬಳಿದು, ಕಮಾನು ನಿಲ್ಲಿಸಿರುತ್ತಾರೆ. ರೇಟು ಕಡಿಮೆ ಅಂತ ಬೀಳಬೇಡಿ. ರಸ್ತೆ, ಚರಂಡಿ, ಕಂಬ ಯಾವುದೂ ಬರಲ್ಲ, ಮನೆ ಸಾಲವೂ ಹುಟ್ಟಲ್ಲ.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಬಹಳ ವರ್ಷವಾಯ್ತು. ಎಬ್ಬಿಸ್ತಾರಾ?

ಭೂ ಕಂದಾಯ ಕಾಯ್ದೆಯಲ್ಲೇ 94ಸಿ ಅಂತ ಇದೆ. ಹಳ್ಳಿಯ ಸರ್ಕಾರಿ ಜಾಗದಲ್ಲಿ ವಾಸದ ಮನೆ ಕಟ್ಟಿಕೊಂಡವರಿಗೆ ಸಕ್ರಮ ಮಾಡಿಕೊಡೋ ಕಲಂ. ಅರ್ಜಿ ತಹಶೀಲ್ದಾರರಿಗೆ. ಅರಣ್ಯ, ಕೆರೆಯ ಅಂಗಳ, ರಸ್ತೆಯಾದರೆ ಆಗಲ್ಲ. ಹಳೇ ಕರೆಂಟ್ ಬಿಲ್ಲು, ಕಂದಾಯದ ರಸೀದಿ, ವೋಟರ್ ಲಿಸ್ಟಿನ ಪ್ರತಿ ಎಲ್ಲ ಜೋಪಾನವಾಗಿಡಿ.

ನಮ್ಮದು ತಾಂಡಾ. ಊರು ಅಂತಲೇ ದಾಖಲೆಯಲ್ಲಿ ಇಲ್ಲ.

ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕುರುಬರಹಟ್ಟಿ, ಪಾಳ್ಯ, ಕ್ಯಾಂಪ್, ಹೀಗೆ ಸಾವಿರಾರು ಜನವಸತಿಗಳು ಬೇರೆಯವರ ಸರ್ವೆ ನಂಬರಿನಲ್ಲೋ ಸರ್ಕಾರಿ ಜಾಗದಲ್ಲೋ ತಲೆತಲಾಂತರದಿಂದ ಇವೆ. ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿದ ಮೇಲೆ ಇವನ್ನು ಕಂದಾಯ ಗ್ರಾಮ ಮಾಡಿ ಅಲ್ಲಿರುವವರಿಗೆ ಹಕ್ಕುಪತ್ರ ಕೊಡೋ ದಾರಿ ತೆರೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ಜನವಸತಿಗಳು ಹೊಸ ಕಂದಾಯ ಗ್ರಾಮಗಳಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50,000ಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2025ರ ಮೇನಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ. ಎರಡೂ ಸಭೆಗೆ ಬೇರೆ ಬೇರೆ ಪಕ್ಷದ ಬಾವುಟ. ಕಾಗದ ಸಿಕ್ಕ ಮನೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ ಬಿಡಿ.

ಕೊಡಗಿನ ಲೈನ್ ಮನೆಗಳ ಕಥೆ ಇದಕ್ಕಿಂತ ಬಿಗಿ. ಕಾಫಿ ತೋಟದಲ್ಲಿ ದುಡಿಯೋವರೆಗೆ ಮಾಲೀಕರು ಕೊಟ್ಟ ಲೈನ್ ಮನೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಹಾಗೆ ತೋಟಗಳಿಂದ ಹೊರಬಂದ ಆದಿವಾಸಿ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರ್‌ನಲ್ಲಿ ಅವನ್ನು ತೆರವು ಮಾಡಿದರು. ದೊಡ್ಡ ಹೋರಾಟವೇ ಆಯ್ತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕೊಟ್ಟರು. ದಿಡ್ಡಳ್ಳಿಯವರು ಕೇಳಿದ್ದು ಯಾರೂ ಎಬ್ಬಿಸದ ಒಂದು ಜಾಗ.

1.20 ಲಕ್ಷದಲ್ಲಿ ಮನೆ ಆಗುತ್ತಾ?

ಆಗಲ್ಲ. ಕೇಂದ್ರದ ಯೋಜನೆಯ ಮನೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ನೂರು ಚದರ ಅಡಿಗೆ ಒಂದು ಚದರ ಅನ್ನೋ ನಮ್ಮ ಲೆಕ್ಕದಲ್ಲಿ ಅದು ಎರಡೂ ಮುಕ್ಕಾಲು ಚದರಕ್ಕೆ ತುಸು ಕಡಿಮೆ. ಮೇಸ್ತ್ರಿ ಚದರಕ್ಕೆ ಒಂದೂವರೆ ಲಕ್ಷ ಅಂತ ಹಿಡಿದರೂ ನಾಲ್ಕು ಲಕ್ಷ ದಾಟುತ್ತದೆ. ಉಳಿದದ್ದು ಸಂಘದ ಸಾಲ, ಕಿವಿಯ ಓಲೆ, ಮಾರಿದ ಹಸು. ಇದು ಸರ್ಕಾರಕ್ಕೂ ಗೊತ್ತು, ನಮಗೂ ಗೊತ್ತು. ಅನುದಾನವನ್ನು ಸಹಾಯ ಅಂತಷ್ಟೇ ತಿಳಿದು ಕೈ ಹಾಕಿ.

ಜನ ಸೋಲೋದು ಗಾತ್ರದಲ್ಲಿ. ಎರಡೂ ಮುಕ್ಕಾಲು ಚದರದ ದುಡ್ಡಿಗೆ ಏಳು ಚದರದ ಪಾಯ ತೆಗೀತಾರೆ. "ಒಂದೇ ಸಲ ಆಗಿಬಿಡಲಿ, ಮಗಳ ಮದುವೆಗೆ ಚೆನ್ನಾಗಿರುತ್ತೆ" ಅನ್ನೋದು ಲೆಕ್ಕ. ಲಿಂಟಲ್ ಮಟ್ಟಕ್ಕೆ ದುಡ್ಡು ಮುಗಿಯುತ್ತದೆ. ಆಮೇಲೆ ನಾಲ್ಕು ವರ್ಷ ಕಂಬಿ ತುಕ್ಕು ಹಿಡಿದು ಆಕಾಶ ನೋಡುತ್ತಿರುತ್ತದೆ. ಪಾಯವನ್ನು ದೊಡ್ಡದಕ್ಕೆ ಗುರುತು ಮಾಡಿಕೊಳ್ಳಿ, ಕಟ್ಟೋದು ಮಾತ್ರ ಈಗ ಒಂದು ರೂಮು, ಅಡುಗೆಮನೆ. ಹಿಂದಿನವರೂ ಹಾಗೆ ಅಂಕಣ ಅಂಕಣವಾಗಿಯೇ ಮನೆ ಬೆಳೆಸಿದ್ದು.

ಬಿಲ್ ಯಾವಾಗ ಬರುತ್ತೆ? ಹಳೇ ಮನೆ ಈಗಲೇ ಕೆಡವಲಾ?

ಕೆಡವಬೇಡಿ! ಕಾರ್ಯಾದೇಶ, ಅಂದರೆ ಕಟ್ಟೋಕೆ ಶುರುಮಾಡಿ ಅಂತ ಕೊಡೋ ಆದೇಶ, ಕೈಗೆ ಬರೋವರೆಗೂ ಒಂದು ಹೆಂಚನ್ನೂ ಇಳಿಸಬೇಡಿ.

ಇದನ್ನು ಇಷ್ಟು ಜೋರಾಗಿ ಹೇಳೋಕೆ ಕಾರಣ ನಮ್ಮ ಚಿಕ್ಕಮ್ಮ. ಪಟ್ಟಿಯಲ್ಲಿ ಹೆಸರು ಬಂತು ಅಂತ ಸಂತೋಷದಲ್ಲಿ ಏಪ್ರಿಲ್‌ನಲ್ಲೇ ಮನೆ ಕೆಡವಿಸಿದರು. ತೊಲೆ, ಜಂತಿ ಮಾರಿದ ದುಡ್ಡಲ್ಲಿ ಜಲ್ಲಿ ಹಾಕಿಸಿದರು. ಕಾರ್ಯಾದೇಶ ಬಂದದ್ದು ಆಗಸ್ಟ್‌ನಲ್ಲಿ. ಮಳೆಗಾಲ ಪೂರ್ತಿ ನಾಲ್ಕು ತಗಡಿನ ಶೀಟಿನ ಕೆಳಗೆ, ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಮೇಕೆ. ಮಳೆ ಬಿದ್ದರೆ ಶೀಟಿನ ಸದ್ದಿಗೆ ಮಾತು ಕೇಳ್ತಿರಲಿಲ್ಲ. ಚಿಕ್ಕಮ್ಮ ಕೈಸನ್ನೆಯಲ್ಲೇ ಊಟಕ್ಕೆ ಕರೀತಿದ್ದರು.

ದುಡ್ಡು ಬರೋದು ಹಂತ ಹಂತವಾಗಿ: ಪಾಯ, ಲಿಂಟಲ್, ಚಾವಣಿ, ಪೂರ್ಣ. ಪ್ರತಿ ಹಂತಕ್ಕೂ ಪಂಚಾಯ್ತಿಯವರು ಬಂದು ಫಲಾನುಭವಿಯನ್ನು ಮನೆ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೀತಾರೆ. ಫೋಟೊ ಇಲ್ಲದೆ ಮುಂದಿನ ಹಂತಕ್ಕೆ ಹೋದರೆ ಹಿಂದಿನ ಬಿಲ್ಲು ಕಗ್ಗಂಟಾಗುತ್ತದೆ. ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದರೂ ಹಾಗೇ. ದುಡ್ಡು ಬರೋದು ನೇರವಾಗಿ ಖಾತೆಗೆ. "ಫೋಟೊ ಹೊಡೆಸ್ತೀನಿ, ಏನಾದರೂ ಕೊಡಿ" ಅಂತ ನಡುವೆ ಬರೋನಿಗೆ ಆ ಖಾತೆಯ ಮೇಲೆ ಯಾವ ಅಧಿಕಾರವೂ ಇಲ್ಲ.

ಮನೆ ಹೆಂಗಸರ ಹೆಸರಲ್ಲೇ ಯಾಕೆ?

ಗಂಡ ಒಂದು ರಾತ್ರಿಯ ಸಾಲಕ್ಕೆ ಹಕ್ಕುಪತ್ರ ಅಡ ಇಡಬಾರದು ಅಂತ. ಬೇರೆ ವಿವರಣೆ ಬೇಕಾ?

ಸಿಮೆಂಟ್ ಮನೆಯೇ ಆಗಬೇಕಾ? ಕಡಿಮೆ ಖರ್ಚಿನ ದಾರಿ ಇಲ್ವಾ?

ಇದೆ. ಆದರೆ ಮರ್ಯಾದೆ ಅಡ್ಡ ಬರುತ್ತದೆ. ಮಣ್ಣಿನ ಮನೆ ಅಂದರೆ ಬಡತನ ಅಂತ ಆಗಿಬಿಟ್ಟಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಅಂತ ಒಂದು ಕೇಂದ್ರ ಶುರುಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಅಲ್ಲಿ ಕೆ.ಎಸ್. ಜಗದೀಶ್ ಮತ್ತಿತರರು ಮಣ್ಣಿನ ಇಟ್ಟಿಗೆ ಮೇಲೆ ಬಹಳ ಕೆಲಸ ಮಾಡಿದರು. ಪಾಯ ತೆಗೆದ ಮಣ್ಣಿಗೇ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಕಲಸಿ, 'ಮರ್ದಿನಿ' ಅನ್ನೋ ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಒಣಗಿಸೋದು. ಸುಡೋ ಸೌದೆ ಉಳಿಯಿತು, ಲಾರಿ ಬಾಡಿಗೆ ಉಳಿಯಿತು. ಇನ್ನೊಂದು ದಾರಿ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಕಟ್ಟಿ ತೋರಿಸಿದ ಇಲಿಬೋನು (ರ‍್ಯಾಟ್ ಟ್ರ್ಯಾಪ್) ಗೋಡೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಟೊಳ್ಳು ಬಿಡೋದರಿಂದ ಹತ್ತಿರ ಹತ್ತಿರ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳು ಇರೋದು ಇಂಥ ಕೆಲಸಕ್ಕೇ.

ನಮ್ಮ ಸುತ್ತ ಇರೋದನ್ನು ನೋಡಿ. ಕರಾವಳಿಯಲ್ಲಿ ಕೆಂಪು ಕಲ್ಲು, ಕಲಬುರಗಿಯಲ್ಲಿ ಶಹಾಬಾದ್ ಕಲ್ಲು, ಕೋಲಾರ ಕಡೆ ಚಪ್ಪಡಿ. ಕಲಬುರಗಿಯ ಮೇ ತಿಂಗಳಲ್ಲಿ ಹಳೇ ಮಣ್ಣಿನ ಮಾಳಿಗೆಯ ಕೆಳಗೆ ಒಮ್ಮೆ ಮಧ್ಯಾಹ್ನ ಮಲಗಿ, ಆಮೇಲೆ ಪಕ್ಕದ ಆರ್‌ಸಿಸಿ ಮನೆಯಲ್ಲಿ ಮಲಗಿ. ಒಂದೇ ತೊಂದರೆ, ಈ ಕೆಲಸ ಗೊತ್ತಿರೋ ಮೇಸ್ತ್ರಿಗಳು ಕಡಿಮೆ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಉಳಿಸಿದ್ದಕ್ಕಿಂತ ಜಾಸ್ತಿ ರಿಪೇರಿಗೆ ಹೋಗುತ್ತದೆ.

ಹಳ್ಳಿಗೆ ಪ್ಲ್ಯಾನಿಂಗ್ ಎಲ್ಲ ಯಾಕೆ? ಜಾಗ ಇದ್ದಲ್ಲಿ ಕಟ್ಟಿದರಾಯ್ತಲ್ವಾ?

ಇದಕ್ಕೆ ಉತ್ತರ ಆಸರೆ ಮನೆಗಳಲ್ಲಿದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕಕ್ಕೆ ಭಾರೀ ನೆರೆ ಬಂತು. ಹೊಳೆ ದಂಡೆಯ ಊರುಗಳನ್ನು ಎತ್ತರದ ಜಾಗಕ್ಕೆ ಎಬ್ಬಿಸಬೇಕು ಅಂತ ಸರ್ಕಾರ 'ಆಸರೆ' ಯೋಜನೆ ತಂತು. ದಾನಿಗಳು ದುಡ್ಡು ಕೊಟ್ಟರು. ಸಾಲು ಸಾಲಾಗಿ ಮನೆಗಳೂ ಎದ್ದವು. ಎಷ್ಟೋ ಕಡೆ ಜನ ಹೋಗಲೇ ಇಲ್ಲ.

ಯಾಕೆ ಹೋಗಲಿಲ್ಲ? ಎಮ್ಮೆ ಕಟ್ಟೋಕೆ ಜಾಗ ಇಲ್ಲ. ಕಣಜ ಇಡೋಕೆ ಜಾಗ ಇಲ್ಲ, ಬಣವೆ ಒಟ್ಟೋಕೆ ಹಿತ್ತಲಿಲ್ಲ. ಹೊಲ ದೂರ. ಕೂಡು ಕುಟುಂಬದ ಮೂರು ಒಲೆಗೆ ಒಂದೇ ಮನೆ. ನೀರು, ಕರೆಂಟು ಎಷ್ಟೋ ಕಡೆ ತಡವಾಗಿ ಬಂತು. ಜನ ಆ ಮನೆಗಳಲ್ಲಿ ಮೇವು ತುಂಬಿ ಬೀಗ ಹಾಕಿ ಹಳೇ ಊರಿಗೆ ವಾಪಸಾದರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಕೃಷ್ಣೆ ಮತ್ತೆ ಉಕ್ಕಿದಾಗ ಅದೇ ಹಳೇ ಊರುಗಳಿಗೆ ಮತ್ತೆ ನೀರು ನುಗ್ಗಿತು. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಪರಿಹಾರ ಅಂತ ಸರ್ಕಾರ ಘೋಷಿಸಿತು.

ನಕ್ಷೆ ಹಾಕಿದವರು ಮಲಗೋಕೆ ಜಾಗ ಕೊಟ್ಟಿದ್ದರು. ರೈತನ ಮನೆಯಲ್ಲಿ ಮಲಗೋದು ಸಣ್ಣ ಕೆಲಸ. ಹಾಗಾಗಿ ನಿಮ್ಮೂರಲ್ಲಿ ಹೊಸ ಲೇಔಟ್ ನಕ್ಷೆ ಗೋಡೆಗೆ ಅಂಟಿಸಿದರೆ ಹೋಗಿ ನೋಡಿ. ಮಳೆ ನೀರು ಎಲ್ಲಿಗೆ ಹರಿಯುತ್ತೆ? ಗಾಡಿ ತಿರುಗುತ್ತಾ? ದನ ಎಲ್ಲಿ? ಅಂಗನವಾಡಿಗೆ ಮಗು ಒಂದೇ ನಡೆದು ಹೋಗಬಹುದಾ? ರಾಜಕಾಲುವೆ ಮೇಲೆ ಸೈಟ್ ಗುರುತು ಮಾಡಿದ್ದಾರಾ? ಕಲ್ಲು ನೆಡೋಕೆ ಮುಂಚೆ ಇದನ್ನೆಲ್ಲ ಕೇಳೋಕೆ ಖರ್ಚಿಲ್ಲ.

ಮನೆ ಮುಗಿದಿದೆ. ಕೊನೇ ಬಿಲ್ ಬಂದಿಲ್ಲ. ಯಾರನ್ನು ಕೇಳಲಿ?

ಮೊದಲು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ನಿಮ್ಮ ಫಲಾನುಭವಿ ಸಂಕೇತ ಸಂಖ್ಯೆ ಬಾಯಿಪಾಠ ಇರಲಿ, ಇಲ್ಲದಿದ್ದರೆ ಬಾಗಿಲ ಹಿಂದೆ ಬರೆದಿಡಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಅದಕ್ಕೂ ಅಲುಗಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಅಷ್ಟೆಲ್ಲ ಪದ ಬೇಡ. ಚಿಕ್ಕಮ್ಮನಿಗೆ ನಾನು ಬರೆದುಕೊಟ್ಟದ್ದು ಎರಡು ಸಾಲು: "ನನ್ನ ಸಂಕೇತ ಸಂಖ್ಯೆ ಇಂಥದ್ದು. ನನ್ನ ಮನೆಯ ಕೊನೆಯ ಹಂತದ ಫೋಟೊ ಯಾವ ದಿನ ಅಪ್‌ಲೋಡ್ ಆಗಿದೆ ತಿಳಿಸಿ." ಫೋಟೊ ತೆಗೆಯೋರು ಮಾರನೇ ವಾರವೇ ಬಂದರು.